ಬಲ್ಬು ಮಂದವಾಗುವ ಹೊತ್ತು

ಕುಂದಗೋಳದ ನಮ್ಮ ಪಡಸಾಲೆಯ ಮೂಲೆಯಲ್ಲಿ ಒಂದು ಹಲಗೆ ಇದೆ. ಅದರ ಮೇಲೆ ಹೋಲ್ಡರು, 60 ವ್ಯಾಟಿನ ಹಳೇ ತಂತಿಯ ಬಲ್ಬು, ಒಂದು ಸಾಕೆಟ್ಟು. ರಿಪೇರಿಯವರ ಬಾಯಲ್ಲಿ ಇದು ಸೀರೀಸ್ ಬೋರ್ಡು. ನನ್ನ ಸಾಮಾನುಗಳಲ್ಲಿ ಇದರಷ್ಟು ಪ್ರೀತಿ ಬೇರಾವುದರ ಮೇಲೂ ಇಲ್ಲ.

ಒಂದು ಮುಂಜಾನೆ ಸಂಶಿಯ ಕಾಕಾ ಒಬ್ಬರು ತಮ್ಮ ರಿಸೀವರನ್ನು ಹಳೇ ಧೋತರದಲ್ಲಿ ಸುತ್ತಿ ತಂದರು. "ದೀಪಾನ ಹತ್ತವಲ್ದು ನೋಡಪಾ." ಡಯಲ್ಲಿನ ಗಾಜಿನ ಮೇಲೆ 765ರ ಹತ್ತಿರ ಮಸಿಯ ಚುಕ್ಕೆ: ಧಾರವಾಡ ಆಕಾಶವಾಣಿ, 1950ರಿಂದ ನಮ್ಮ ಸೀಮೆಯ ದನಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಸವಾಯಿ ಗಂಧರ್ವರ ಮುಂದೆ ಕುಳಿತು ಕಲಿತ ಊರು ನಮ್ಮ ಕುಂದಗೋಳ. ಹಾಡುವ ಪೆಟ್ಟಿಗೆ ಇಲ್ಲಿ ಮೂಕಾಗಿ ಕೂತರೆ ಜೀವ ಚಡಪಡಿಸುತ್ತದೆ.

ಪ್ಲಗ್ಗನ್ನು ಮೇಜಿನ ಮೇಲೆ ಕಣ್ಣೆದುರಿಗೇ ಇಟ್ಟುಕೊಂಡು ಮುಚ್ಚಳ ಬಿಚ್ಚಿದೆ. ಒಳಗೆಲ್ಲ ಎರಿ ಮಣ್ಣಿನ ಕರಿ ಧೂಳು. ಡಬ್ಬಿಯಂಥ ಎರಡು ಕೆಪಾಸಿಟರು. ಕರೆಂಟು ತೆಗೆದ ಮೇಲೂ ಇವುಗಳ ಹೊಟ್ಟೆಯಲ್ಲಿ ವೋಲ್ಟೇಜು ಉಳಿದಿರಬಹುದು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಚಟ್ಟೆನಿಸುವವರಿದ್ದಾರೆ; ನನಗದು ಸೇರದು. ಮೀಟರು ಒಂದೆರಡೇ ವೋಲ್ಟ್ ತೋರಿಸಿದರೂ 1 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರನ್ನು ಕ್ಲಿಪ್ಪಿನಿಂದ ಕಚ್ಚಿಸಿ ಒಂದು ನಿಮಿಷ ಕಾದೆ.

ಫ್ಯೂಜಿನ ಗಾಜು ಒಳಗೆ ಕರಿಗಟ್ಟಿತ್ತು. ತಂತಿ ಸುಮ್ಮನೆ ತುಂಡಾಗಿದ್ದರೆ ಫ್ಯೂಜಿಗೇ ವಯಸ್ಸಾಗಿರಬಹುದು. ಹೀಗೆ ಕರಿಗಟ್ಟಿದರೆ ಎಲ್ಲೋ ಶಾರ್ಟ್ ಆಗಿದೆ.

"ತಾಮ್ರದ ಎಳಿ ಸುತ್ತಿ ಹಾಕಿಬಿಡೊ."

"ಬ್ಯಾಡ್ರಿ ಕಾಕಾ, ಟ್ರಾನ್ಸ್‌ಫಾರ್ಮರ್ ಸುಟ್ಟೀತು."

ಅಷ್ಟೇ ಆಂಪಿಯರಿನ ಹೊಸ ಫ್ಯೂಜು ಹಾಕಿ ಸೀರೀಸ್ ಬೋರ್ಡಿಗೆ ಚುಚ್ಚಿದೆ. ಬಲ್ಬು ಧಗ್ಗನೆ ಹೊತ್ತಿ ಹಾಗೇ ಉರಿಯಿತು. ಪೆಟ್ಟಿಗೆಯಲ್ಲಿ ಶಾರ್ಟ್ ಇದ್ದಾಗ ಈ ತಂತಿ ಕಾದು, ತನ್ನ ತಡೆಯನ್ನು ಹೆಚ್ಚಿಸಿಕೊಂಡು, ಆ ಬಿಸಿಯನ್ನೆಲ್ಲ ತಾನೇ ಉಣ್ಣುತ್ತದೆ. ಕಾಲು ಆಂಪಿಯರಿಗಿಂತ ಸ್ವಲ್ಪವೇ ಹೆಚ್ಚು ಕರೆಂಟು ಆಚೆ ಹೋದೀತು, ಅಷ್ಟೇ. ಎಲ್‌ಇಡಿ ಬಲ್ಬಿಗೆ ಈ ಗುಣವಿಲ್ಲ. ಅದಕ್ಕೇ ನಾನು ಸಂತೆಯಲ್ಲಿ ತಂತಿ ಬಲ್ಬು ಕಂಡಲ್ಲೆಲ್ಲ ಕೊಂಡು, ಜೋಳದ ಹೊಟ್ಟಿನಲ್ಲಿ ಹುಗಿದಿಡುತ್ತೇನೆ.

ಪ್ಲಗ್ಗು ಕಿತ್ತು, ಮತ್ತೆ ರೆಸಿಸ್ಟರು ಹಿಡಿದು, ಮೀಟರಿನ ಕಡ್ಡಿಗಳನ್ನು ಬ್ರಿಜ್ ರೆಕ್ಟಿಫೈಯರಿಗೆ ಮುಟ್ಟಿಸಿದೆ. ಒಂದು ಡಯೋಡು ಎರಡೂ ಕಡೆಗೆ ಪೀ ಎಂದಿತು. ಬ್ರಿಜ್ ಬಿಚ್ಚಿ ಹೊಸದನ್ನು ಬೆಸೆದು, ತವರದ ಬಿಸಿ ಆರುವತನಕ ಇಬ್ಬರೂ ಚಹಾ ಕುಡಿದೆವು.

ಎಡಗೈ ಬೆನ್ನ ಹಿಂದೆ ಇಟ್ಟು ಸ್ವಿಚ್ಚು ಒತ್ತಿದೆ. ಬಲ್ಬು ಒಮ್ಮೆ ಫಳ್ಳನೆ ಹೊಳೆಯಿತು. ಆಮೇಲೆ, ಕೆಪಾಸಿಟರುಗಳ ಹೊಟ್ಟೆ ತುಂಬಿದಂತೆ, ಮೆಲ್ಲಗೆ ಕೆಂಪಾಗಿ, ಆರಿದಂತಾಯಿತು. ಪಡಸಾಲೆ ಕತ್ತಲಾಯಿತು, ಡಯಲ್ಲಿನ ದೀಪವೊಂದೇ ಹಳದಿಯಾಗಿ ಉಳಿಯಿತು.

ಸ್ಪೀಕರಿನ ತುದಿಗಳಲ್ಲಿ ಡಿ.ಸಿ. ಅಳೆಯುವ ಕೆಲಸ ಇನ್ನೂ ಬಾಕಿ ಇತ್ತು. "ಒಂದ್ ನಿಮಿಷ ತಡೀರಿ" ಎನ್ನುವಷ್ಟರಲ್ಲಿ ಕಾಕಾ ಮುಳ್ಳನ್ನು ಮಸಿಯ ಚುಕ್ಕೆಯ ಕಡೆ ತಿರುವತೊಡಗಿದ್ದರು.