ಸೋಮವಾರದ ಗುಳಿಗಿ

ನಮ್ಮ ಅತ್ತಿಯವರಿಗೆ ಬೆರಳಿನ ಕೀಲೆಲ್ಲಾ ಬಾವು. ಮುಂಜಾನೆ ಎದ್ದ ಕೂಡ್ಲೆ ಮುಷ್ಟಿ ಕಟ್ಟಲಿಕ್ಕೆ ಬರ್ತಿರಲಿಲ್ಲ. ಸಂಧಿವಾತ ಅಂತ ಡಾಕ್ಟರು ಮೆಥೊಟ್ರೆಕ್ಸೇಟ್ ಗುಳಿಗಿ ಬರದ್ರು. ಅದು ವಾರಕ್ಕ ಒಂದೇ ದಿನ ತಗೊಳ್ಳೋ ಗುಳಿಗಿ. ಆದ್ರ ಚೀಟಿ ಮ್ಯಾಲೆ ಎರಡೇ ಇಂಗ್ಲಿಷ್ ಅಕ್ಷರ ಗೀಚಿದ್ರು. ಔಷಧ ಅಂಗಡಿ ಹುಡುಗ ಅದನ್ನ ದಿನಕ್ಕೊಂದು ಅಂತ ಓದಿದ. ನಾನೂ ಕೇಳಲಿಲ್ಲ. ದಿನಾ ನಾಷ್ಟಾ ಆದಮ್ಯಾಲೆ ನಾನ ಅವರ ಕೈಯಾಗ ಇಟ್ಟೆ.

ಆರನೇ ದಿನಕ್ಕ ಬಾಯಿ ತುಂಬ ಹುಣ್ಣು. ಮಜ್ಜಿಗಿ ಸೈತ ಇಳೀವಲ್ತು. "ಉಷ್ಣ ಆಗಿರಬೇಕು ಬಿಡವಾ" ಅಂದ್ರು. ನನಗ ಸಮಾಧಾನ ಆಗಲಿಲ್ಲ, ಡಾಕ್ಟರಿಗೆ ಫೋನ್ ಹಚ್ಚಿದೆ. "ಗುಳಿಗಿ ನಿಲ್ಲಸ್ರಿ, ಈಗಿಂದೀಗ ಕರಕೊಂಡು ಬರ್ರಿ" ಅಂದ್ರು. ದಿನಾ ತಗೊಂಡ್ರ ರಕ್ತದ ಕಣ ಹುಟ್ಟೂದ ಕಡಿಮಿ ಆಗ್ತದಂತ, ಜೀವಕ್ಕ ಅಪಾಯ. ಒಂದು ವಾರ ದವಾಖಾನ್ಯಾಗಿದ್ದು ಚೇತರಿಸಿಕೊಂಡ್ರು. ಆ ವಾರ ನನ್ನ ಕೈ ನೋಡಿದ್ರ ನನಗ ಸಂಕಟ ಆಗ್ತಿತ್ತು.

ಔಷಧದ ಹೆಸರು ಓದಲಿಕ್ಕೆ ಬರೋಹಂಗ, ಆದಷ್ಟು ಇಂಗ್ಲಿಷಿನ ದೊಡ್ಡಕ್ಷರದಾಗ ಬರೀಬೇಕಂತ ಭಾರತೀಯ ವೈದ್ಯಕೀಯ ಪರಿಷತ್ತು 2016ರಾಗನ ನಿಯಮ ಮಾಡ್ಯದ. ಆದ್ರ ಹೆಸರೊಂದ ತಿಳಿದ್ರ ಸಾಲದು. ಎಷ್ಟು, ಯಾವಾಗ, ಯಾತಕ್ಕ ಅನ್ನೋದೂ ಬೇಕು. ಈಗ ನಮ್ಮ ಚೀಟಿ ಮ್ಯಾಲೆ "ಸೋಮವಾರ ಮಾತ್ರ, ವಾರಕ್ಕೆ ಒಂದೇ ಸಲ, ಸಂಧಿವಾತಕ್ಕೆ" ಅಂತ ಡಾಕ್ಟರೇ ಕನ್ನಡದಾಗ ಬಿಡಿಸಿ ಬರೀತಾರ. ನಾನು ಅವರ ಮುಂದನ ಗಟ್ಟಿಯಾಗಿ ಓದಿ ತೋರಿಸಿ ಏಳ್ತೀನಿ. ಹಿಂದ ಪಾಳಿ ಎಷ್ಟರ ಇರಲಿ, ನೀವೂ ಓದಿ ತೋರಿಸೇ ಏಳ್ರಿ.