ಮದುವೆ ಫೋಟೊದಲ್ಲಿ ಅವ್ವ ಎಲ್ಲಿ?

ಲೋಕಿಕೆರೆಯ ನಮ್ಮ ಮನೆಯ ಪಡಸಾಲೆ ಗೋಡೆಯ ಮೇಲೆ ಒಂದು ಕಪ್ಪು-ಬಿಳುಪು ಫೋಟೊ ಇದೆ. 1973ರಲ್ಲಿ ನಡೆದ ನನ್ನ ಮದುವೆಯ ಗುಂಪು ಫೋಟೊ. ನಡುವೆ ಬಾಸಿಂಗ ಕಟ್ಟಿಕೊಂಡ ನಾನು ಮತ್ತು ನಮ್ಮ ಯಜಮಾನರು. ಇಬ್ಬರ ಮುಖದಲ್ಲೂ ನಗುವಿಲ್ಲ, ಪೊಲೀಸರು ಹಿಡಿದು ತಂದು ಕೂರಿಸಿದವರ ಹಾಗೆ ಇದ್ದೇವೆ. ಸುತ್ತ ರುಮಾಲು ಸುತ್ತಿದ ಹಿರಿಯರು, ಕೆಳಗೆ ಜಮಖಾನದ ಮೇಲೆ ಕಣ್ಣರಳಿಸಿ ಕೂತ ಮಕ್ಕಳು.

ಮೊಮ್ಮಗಳ ಮದುವೆ ಗೊತ್ತಾಗಿ ಮನೆಗೆ ಸುಣ್ಣಬಣ್ಣ ಹೊಡೆಸುವಾಗ ಆ ಫೋಟೊ ಕೆಳಗಿಳಿಯಿತು. ಏಳನೇ ಕ್ಲಾಸಿನ ಮೊಮ್ಮಗ ಗಾಜು ಒರೆಸುತ್ತಾ ಕೇಳಿದ: “ಅಜ್ಜಿ, ಇದ್ರಾಗೆ ನಿಮ್ಮವ್ವ ಯಾರು?”

ನಾನು ಎಡಗಡೆಯ ಅಂಚು ತೋರಿಸಿದೆ. ಅಲ್ಲಿ ಹಿಂದಿನ ಬಾಗಿಲಲ್ಲಿ ಒಂದು ಸೆರಗು, ಅರ್ಧ ಕೈ. ಕ್ಯಾಮೆರಾ ಕ್ಲಿಕ್ಕಿಸುವ ಹೊತ್ತಿಗೆ ಅವರು ಅಲುಗಾಡಿದ್ದರಿಂದ ಮುಖ ಬರೀ ಮಂಜು. ಅದು ನಮ್ಮ ಅವ್ವನೋ, ಚಿಕ್ಕಮ್ಮನೋ ಎಂದು ನನ್ನ ತವರಿನಲ್ಲಿ ಇವತ್ತಿಗೂ ವಾದವಿದೆ.

“ಬೇರೆ ಫೋಟೊ ಇಲ್ವಾ?”

“ಇಲ್ಲಪ್ಪ. ಇದೊಂದೇ.”

ಅವನು ಸುಮ್ಮನಾದ. ನಾನೂ ಸುಮ್ಮನಾದೆ. ಅವ್ವ ತೀರಿಕೊಂಡು ನಾಲ್ಕು ದಶಕ ದಾಟಿದೆ. ಅವಳ ದನಿ ನೆನಪಿದೆ, ಕೈಯ ಬಿಸಿ ನೆನಪಿದೆ. ಮುಖ ಮಾತ್ರ ವರ್ಷ ವರ್ಷಕ್ಕೂ ಸ್ವಲ್ಪ ಸ್ವಲ್ಪ ಅಳಿಸಿಹೋಗುತ್ತಿದೆ ಎಂದು ಆ ಹುಡುಗನಿಗೆ ಹೇಗೆ ಹೇಳಲಿ?

ನನ್ನ ತವರು ಹರಿಹರದ ಹತ್ತಿರದ ಒಂದು ಹಳ್ಳಿ. ಮದುವೆ ಮನೆಯ ಹಂದರದಲ್ಲೇ ಆಯಿತು. ಫೋಟೊದವರು ಹರಿಹರದಿಂದ ಸೈಕಲ್ ಮೇಲೆ ಬಂದಿದ್ದರು. ಕೊರಳಿಗೆ ಯಾಶಿಕಾ ಕ್ಯಾಮೆರಾ. ಅದನ್ನು ಕಣ್ಣಿಗೆ ಹಿಡಿಯುತ್ತಿರಲಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ಬಾವಿಗೆ ಬಗ್ಗಿ ನೋಡುವ ಹಾಗೆ ಮೇಲಿನಿಂದ ನೋಡುತ್ತಿದ್ದರು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಅಪ್ಪ ಒಪ್ಪಿದ್ದು ಒಂದೇ ರೋಲಿಗೆ. ತಾಳಿ ಕಟ್ಟುವುದು, ಅಕ್ಕಿಕಾಳು, ಬೀಗರು, ಬೀಗರ ಕಡೆಯ ಹಿರಿಯರು ಎಂದು ಹನ್ನೊಂದು ಮುಗಿದವು. ಹನ್ನೆರಡನೆಯದಕ್ಕೆ ಎಲ್ಲರನ್ನೂ ಕೂಗಿದರು. ಅವ್ವ ಹಿತ್ತಿಲಲ್ಲಿ ಹುಗ್ಗಿಯ ಕೊಪ್ಪರಿಗೆ ಮುಂದೆ ಇದ್ದಳು. “ನೀವು ತೆಗೆಸ್ಕೊಳ್ರಿ, ಹುಗ್ಗಿ ತಳ ಹಿಡಿತೈತಿ” ಎಂದಳಂತೆ. ಹುಗ್ಗಿ ತಳ ಹಿಡಿಯಲಿಲ್ಲ. ಬೀಗರು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಅವ್ವ ಮಾತ್ರ ಫೋಟೊಕ್ಕೆ ಸಿಗಲಿಲ್ಲ.

ಈಗಿನ ಮಾತಿಗೆ ಬರೋಣ. ಮೊಮ್ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಒಂದು ಭಾನುವಾರ ಬಂದವಳು ಮೊಬೈಲ್ ಹಿಡಿದು ನನ್ನ ಪಕ್ಕ ಕೂತಳು. “ಅಜ್ಜಿ, ಯಾವ ಥರ ಫೋಟೊ ತೆಗೆಸೋದು ಅಂತ ನೀನೇ ಹೇಳು.” ಫೋಟೊದಲ್ಲಿ ಥರ ಬೇರೆ ಇರುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು.

ಒಂದು, ಸಾಂಪ್ರದಾಯಿಕ. ವೇದಿಕೆಯ ಮೇಲೆ ವಧೂವರರು, ಅಕ್ಕಪಕ್ಕ ನೆಂಟರು, ಎಲ್ಲರೂ ಕ್ಯಾಮೆರಾ ನೋಡಬೇಕು. ಕೊಡೆಯಂಥ ದೀಪಗಳ ಬೆಳಕು ಬೀಳುತ್ತದೆ. ಇದರಲ್ಲಿ ಯಾರು ಬಂದಿದ್ದರು ಎಂಬ ಲೆಕ್ಕ ತಪ್ಪುವುದಿಲ್ಲ. ಆದರೆ ಆ ಕೊಡೆಗಳ ಹಿಂದೆ ಕೂತವರಿಗೆ ಮದುವೆಯೇ ಕಾಣಿಸುವುದಿಲ್ಲ! ಒಂದು ಮದುವೆಯಲ್ಲಂತೂ ತಾಳಿ ಕಟ್ಟಿದ ಮೇಲೆ ಫೋಟೊದವರು, “ಸ್ವಾಮಿಗಳೇ, ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ ಕಟ್ಟಿಸಿ” ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಎರಡನೆಯದು ಕ್ಯಾಂಡಿಡ್. ಅಂದರೆ ಯಾರಿಗೂ ‘ಇತ್ತ ನೋಡಿ’ ಎನ್ನದೆ, ಇದ್ದದ್ದು ಇದ್ದ ಹಾಗೇ ತೆಗೆಯುವುದು. ದೂರದಿಂದ ಉದ್ದನೆಯ ಲೆನ್ಸ್ ಹಾಕಿ, ಆದಷ್ಟು ಇದ್ದ ಬೆಳಕಿನಲ್ಲೇ ತೆಗೆಯುತ್ತಾರೆ. ಅಪ್ಪ ಕಣ್ಣೊರೆಸಿಕೊಳ್ಳುವುದು, ಮಗು ಲಾಡು ಕದಿಯುವುದು ಇದರಲ್ಲಿ ಸಿಗುತ್ತವೆ. ಮೂರನೆಯದು ಸಿನಿಮಾದಂತೆ ಹಾಡು ಸೇರಿಸಿ ಮಾಡುವ ನಾಲ್ಕೈದು ನಿಮಿಷದ ವಿಡಿಯೊ. ಜೊತೆಗೆ ಮದುವೆಗೆ ಮೊದಲೇ ಊರೂರು ಸುತ್ತಿ ತೆಗೆಸುವ ಪ್ರೀ-ವೆಡ್ಡಿಂಗ್ ಎಂಬುದೊಂದು.

ಮನೆಯಲ್ಲಿ ಪಕ್ಷಗಳಾದವು. ಮಗನದು ಸಾಂಪ್ರದಾಯಿಕ, ಮೊಮ್ಮಗಳದು ಕ್ಯಾಂಡಿಡ್. ಮೊಮ್ಮಗನಿಗೆ ಡ್ರೋನ್ ಒಂದಿದ್ದರೆ ಸಾಕು, ಮದುವೆ ಇಲ್ಲದಿದ್ದರೂ ನಡೆದೀತು. ನಮ್ಮ ಯಜಮಾನರು, “ಹನ್ನೆರಡು ಫೋಟೊದಾಗೆ ನಮ್ಮ ಸಂಸಾರ ಐವತ್ತು ವರ್ಷ ನಡೆದಿಲ್ವಾ?” ಎಂದು ಎದ್ದು ಹೋದರು.

ಪ್ರೀ-ವೆಡ್ಡಿಂಗಿಗೆ ಮೊಮ್ಮಗಳ ಮನಸ್ಸಿನಲ್ಲಿದ್ದ ಜಾಗ ಭದ್ರಾ ನಾಲೆಯ ಏರಿ. ತುಂಬಿ ಹರಿಯುವ ನೀರು, ಆಚೆ ಹಸಿರು ಗದ್ದೆ; ಚೆಂದವೇನೋ ಹೌದು. ಇದಕ್ಕೆ ಮಾತ್ರ ನಾನು ಖಡಾಖಂಡಿತ ಬೇಡ ಎಂದೆ. ನಾಲೆಯ ನೀರು ಮೇಲೆ ಸಾಧುವಾಗಿ ಕಂಡರೂ ಒಳಗೆ ಸೆಳೆತ ಜೋರು. ಇಳಿಜಾರು ಗೋಡೆ ಪಾಚಿ ಕಟ್ಟಿರುತ್ತದೆ, ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. 2020ರ ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ತಲಕಾಡಿನ ಬಳಿ ಕಾವೇರಿಯಲ್ಲಿ ಹೀಗೇ ಫೋಟೊ ತೆಗೆಸಲು ಹೋಗಿ, ಮದುವೆಯಾಗಬೇಕಿದ್ದ ಹುಡುಗ ಹುಡುಗಿ ಇಬ್ಬರೂ ನೀರುಪಾಲಾದರು. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಭರಮಸಾಗರದಲ್ಲಿ 2024ರ ಫೆಬ್ರವರಿಯಲ್ಲಿ ಒಬ್ಬ ವೈದ್ಯರು ಸರ್ಕಾರಿ ಆಸ್ಪತ್ರೆಯ ಆಪರೇಷನ್ ಕೊಠಡಿಯಲ್ಲೇ ಇಂಥ ಚಿತ್ರೀಕರಣ ಮಾಡಿಸಿ ಕೆಲಸ ಕಳೆದುಕೊಂಡರು. ಫೋಟೊ ನೆನಪಿಗೆ ಇರಬೇಕೇ ಹೊರತು ಪಶ್ಚಾತ್ತಾಪಕ್ಕಲ್ಲ.

ಮೊಮ್ಮಗಳು ಮುನಿಸಿಕೊಳ್ಳಲಿಲ್ಲ. ಅವಳೂ ಹುಡುಗನೂ ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿನ್ನುತ್ತಾ ಫೋಟೊ ತೆಗೆಸಿಕೊಂಡು ಬಂದರು. ಒಂದರಲ್ಲಿ ಹುಡುಗನ ಮೀಸೆಗೆಲ್ಲ ಬೆಣ್ಣೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟವಾದದ್ದು ಅದೇ.

ಕ್ಯಾಂಡಿಡ್ ತೆಗೆಯುವ ಹುಡುಗ ದಾವಣಗೆರೆಯವನು, ಮಾತಾಡಿಸಲು ಮನೆಗೇ ಬಂದಿದ್ದ. ಚುರುಕಾದವನು. ಮೊಮ್ಮಗನನ್ನು ಕೂರಿಸಿಕೊಂಡು ಕಥೆ ಹೇಳಿದ. ಫೋಟೊ ತೆಗೆಯುವ ವಿದ್ಯೆ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಮರುವರ್ಷವೇ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಮದುವೆಯಾದಳು. ಅಷ್ಟು ದೊಡ್ಡ ರಾಣಿಯ ಮದುವೆಗೂ ಫೋಟೊ ಇಲ್ಲ, ಬಣ್ಣದಲ್ಲಿ ಬರೆದ ಚಿತ್ರವಷ್ಟೇ ಇರುವುದು! ಆಮೇಲೆ ಫ್ರಾನ್ಸಿನ ಕಾರ್ಟಿಯೆ ಬ್ರೆಸೊಂ ಎಂಬವರ ಮಾತು ಬಂತು. ಅವರು ಕೈಯಲ್ಲಿ ಅಡಗುವಂಥ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಸುತ್ತಿಕೊಂಡು, ಫ್ಲ್ಯಾಶ್ ಬಳಸದೆ, ಜನರಿಗೆ ಗೊತ್ತಾಗದ ಹಾಗೆ ತೆಗೆಯುತ್ತಿದ್ದರಂತೆ. 1948ರಲ್ಲಿ ಗಾಂಧೀಜಿಯ ಅಂತ್ಯಯಾತ್ರೆಯ ಚಿತ್ರಗಳನ್ನು ತೆಗೆದವರಲ್ಲಿ ಅವರೂ ಒಬ್ಬರು. “ಕ್ಯಾಂಡಿಡ್ ಅಂದ್ರೆ ಕಾಯೋದು ಅಜ್ಜಿ, ಬೇರೇನಿಲ್ಲ” ಎಂದ ಆ ಹುಡುಗ. ಮಾತು ನನಗೆ ಹಿಡಿಸಿತು.

ಆದರೂ ಒಂದು ಅಳುಕಿತ್ತು. ನಮ್ಮ ನೆಂಟರ ಮನೆಯ ಮದುವೆಯೊಂದರಲ್ಲಿ ಬರೀ ಕ್ಯಾಂಡಿಡ್ ತೆಗೆಸಿದ್ದರು. ಮೆಹಂದಿಯ ಕೈ, ಬಳೆ, ಹೂವು, ದೀಪ ಎಲ್ಲ ಸೊಗಸಾಗಿ ಬಂದಿದ್ದವು. ಮುಂದಿನ ವರ್ಷ ಆ ಮನೆಯ ಹಿರಿಯರು ತೀರಿಕೊಂಡರು. ಗೋಡೆಗೆ ಹಾಕಲು ಫೋಟೊ ಹುಡುಕಿದರೆ ಸಾವಿರಾರು ಚಿತ್ರಗಳಲ್ಲಿ ಅವರು ನೇರವಾಗಿ ನೋಡುತ್ತಿರುವುದು ಒಂದೂ ಇಲ್ಲ. ಎಲ್ಲದರಲ್ಲೂ ಅರ್ಧ ಮುಖ, ಇಲ್ಲವೇ ಬೆನ್ನು.

ನಾನು ಮೊಮ್ಮಗಳನ್ನು ಕೇಳಿದೆ: “ನೋಡವ್ವ, ಯಾವ ಥರ ಚೆಂದ ಅನ್ನೋದು ಆಮೇಲೆ. ನೀನು ನನ್ನಷ್ಟು ಮುದುಕಿಯಾದಾಗ ಈ ಆಲ್ಬಮ್ ತೆಗೆದರೆ, ಯಾರನ್ನ ಹುಡುಕ್ತೀಯ?”

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಅವಳ ತಾಯಿ, ಅಂದರೆ ನನ್ನ ಸೊಸೆ, ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು.

ಹರಿಹರದ ಹರಿಹರೇಶ್ವರನನ್ನು ನೀವು ನೋಡಿರಬಹುದು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಒಳಗಿನ ಮೂರ್ತಿ ಒಂದೇ. ಒಂದು ಪಾಲು ಹರಿ, ಒಂದು ಪಾಲು ಹರ. ಚಿಕ್ಕಂದಿನಲ್ಲಿ ಅವ್ವ ನನ್ನನ್ನು ಎತ್ತಿ ಹಿಡಿದು ತೋರಿಸುತ್ತಿದ್ದಳು. “ನಮ್ಮದೂ ಹಂಗೇ ಆಗ್ಲಿ ಬಿಡವ್ವ. ಅರ್ಧ ಹರಿ, ಅರ್ಧ ಹರ” ಎಂದೆ. ಮುಹೂರ್ತಕ್ಕೂ ಗುಂಪು ಫೋಟೊಗಳಿಗೂ ಸಾಂಪ್ರದಾಯಿಕದವರು. ಲೋಕಿಕೆರೆಯ ಮನೆಯಲ್ಲಿ ನಡೆಯುವ ಅರಿಶಿಣ, ಸುರಗಿ, ಮದುವೆಯ ದಿನದ ಬೆಳಗ್ಗೆ, ಕೊನೆಗೆ ಮಗಳನ್ನು ಕಳಿಸಿಕೊಡುವುದು, ಇವಕ್ಕೆ ಕ್ಯಾಂಡಿಡ್ ಹುಡುಗ. ಡ್ರೋನ್ ಬಿಟ್ಟೆವು. ಆ ದುಡ್ಡಿಗೆ ಇನ್ನೊಂದು ಆಲ್ಬಮ್ ಬಂತು, ಬೀಗರ ಮನೆಗೆ.

ಮೊಮ್ಮಗನ ಮುಖ ಬಾಡಿತು. ಅವನಿಗೆ ನಾನೊಂದು ಕೆಲಸ ಕೊಟ್ಟೆ. ಹೊರಗಿನಿಂದ ಬರುವ ಫೋಟೊದವರಿಗೆ ಯಾರು ಅತ್ತೆ, ಯಾರು ಸೋದರಮಾವ ಎಂದು ಹೇಗೆ ತಿಳಿಯಬೇಕು? ಅದಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ‘ಮರೆಯಬಾರದ ಮುಖಗಳು’ ಎಂದು ಪಟ್ಟಿ ಬರೆ, ಒಂದೊಂದು ಫೋಟೊ ಆದಂತೆ ಗೀಟು ಹಾಕು ಎಂದೆ. ಮೂರು ದಿನ ಕೂತು ಬರೆದ. ನೆಂಟರಷ್ಟೇ ಅಲ್ಲ, ಅಡುಗೆಯವರು, ಹಂದರ ಹಾಕಿದವರು, ಬಳೆ ತೊಡಿಸಲು ಬರುವ ಅಮ್ಮ, ಅವನ ಅಕ್ಕನಿಗೆ ಅಆಇಈ ಕಲಿಸಿದ ಮೇಷ್ಟ್ರು, ಕೊನೆಗೆ ನಮ್ಮ ಕೊಟ್ಟಿಗೆಯ ಕೆಂದ ಆಕಳೂ ಪಟ್ಟಿಯಲ್ಲಿತ್ತು.

ಮದುವೆ ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಕಲ್ಯಾಣಮಂಟಪದಲ್ಲಿ ಆಯಿತು. ಮೊಮ್ಮಗ ಹೊಸ ಬಟ್ಟೆಯ ಜೇಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಫೋಟೊದವರನ್ನು ಕೈಹಿಡಿದು ಎಳೆದಾಡುತ್ತಿದ್ದ. ಉಗ್ರಾಣದಲ್ಲಿ ನಿಂತಿದ್ದ ನನ್ನ ಸೊಸೆಗೂ ಬುಲಾವ್ ಹೋಯಿತು. “ಇರೋ, ಬೀಗರಿಗೆ ಎಲೆ ಅಡಿಕೆ ಕಳಿಸಿ ಬರ್ತೀನಿ” ಎಂದಳಂತೆ. ಇವನು ಬಿಡಲಿಲ್ಲ. “ಅಮ್ಮ, ಅಜ್ಜಿಯ ಅವ್ವನೂ ಹಿಂಗೇ ಅಂದಿದ್ರಂತೆ” ಎಂದನಂತೆ. ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಬಂದಳು.

ಆಲ್ಬಮ್ ಬಂದಾಗ ನೋಡಿದೆ. ಗುಂಪು ಫೋಟೊದಲ್ಲಿ ಸೊಸೆ ಮಗಳ ಪಕ್ಕದಲ್ಲೇ ಇದ್ದಾಳೆ, ಹಣೆಯ ಬೆವರು ಕೂಡ ಕಾಣುವಷ್ಟು ಸ್ಪಷ್ಟ. ಕ್ಯಾಂಡಿಡ್ ಹುಡುಗ ತೆಗೆದ ಇನ್ನೊಂದರಲ್ಲಿ, ಬೆಳಗಿನ ಜಾವ ನಮ್ಮ ಮನೆಯ ಬಾಗಿಲಲ್ಲಿ ಅವಳು ಮಗಳ ಜಡೆಗೆ ಮಲ್ಲಿಗೆ ಮುಡಿಸುತ್ತಿದ್ದಾಳೆ. ಇಬ್ಬರೂ ಕ್ಯಾಮೆರಾ ನೋಡುತ್ತಿಲ್ಲ. ಎರಡೂ ಬೇಕಿತ್ತು ಎಂದು ಆಗ ಅನ್ನಿಸಿತು.

ನಿಮ್ಮ ಮನೆಯಲ್ಲೂ ಹಳೆಯ ಮದುವೆ ಫೋಟೊಗಳಿದ್ದರೆ, ಮಕ್ಕಳೇ, ಈ ಭಾನುವಾರ ಅಜ್ಜ ಅಜ್ಜಿಯ ಪಕ್ಕ ಕೂತು ಒಬ್ಬೊಬ್ಬರ ಹೆಸರು ಕೇಳಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಮುಂದುಗಡೆ ಗೆರೆ ಮೂಡುತ್ತದೆ. ಮೊಬೈಲಿನ ಚಿತ್ರಗಳನ್ನು ಇನ್ನೆರಡು ಕಡೆಯಾದರೂ ಉಳಿಸಿಡಿ.

ನಮ್ಮ ಮನೆಯಲ್ಲಿ ಆ ಕೆಲಸ ಮುಗಿದಿದೆ. 1973ರ ಫೋಟೊವನ್ನು ಮತ್ತೆ ಗೋಡೆಗೆ ಹಾಕುವ ಮೊದಲು ಮೊಮ್ಮಗ ಹಿಂಬದಿಯಲ್ಲಿ ಎಲ್ಲರ ಹೆಸರು ಬರೆದ. ಕೊನೆಗೆ ಎಡಗಡೆಯ ಅಂಚಿಗೆ ಬಂದು ಪೆನ್ಸಿಲ್ ತಡೆದು ನನ್ನ ಮುಖ ನೋಡಿದ. ಚಿಕ್ಕಮ್ಮನ ಮಕ್ಕಳು ಒಪ್ಪಲಿ, ಬಿಡಲಿ.

“ಬರಿಯಪ್ಪ” ಎಂದೆ, “ಬಾಗಿಲಲ್ಲಿ ನಿಂತವರು, ಅವ್ವ.”