ಬೆನ್ನಿಗೆ ಬಿದ್ದ ಬಿ-27

ಸಂಘದ ಸಮಾರಂಭಗಳಲ್ಲಿ ಹಿಂದಿನ ಸಾಲಿನಿಂದ ಯಾರಾದರೂ ಕರೆದರೆ ನಾನು ಕತ್ತು ತಿರುಗಿಸುವುದಿಲ್ಲ. ಎದ್ದು ನಿಂತು ಇಡೀ ಮೈಯನ್ನೇ ತಿರುಗಿಸುತ್ತೇನೆ. ಇದನ್ನು ಜಂಬವೆಂದು ಭಾವಿಸಿದವರುಂಟು. ಜಂಬವಲ್ಲ ಸ್ವಾಮಿ, ನನ್ನ ಬೆನ್ನಿನ ಮಣಿಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಇದರ ಹೆಸರು. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ನೋವಾದರೂ ಹೋಗಬೇಕಿತ್ತು.

1996ರ ಮಾತು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ, ಗಾಜುವಾಕದಲ್ಲಿ ಬಾಡಿಗೆ ಮನೆ, ಇಪ್ಪತ್ತೊಂಬತ್ತರ ವಯಸ್ಸು. ಬೆಳಗಿನ ಜಾವ ಸೊಂಟ ಹಿಡಿದು ಏಳಲಾಗುತ್ತಿರಲಿಲ್ಲ. ಮನೆಯೊಡತಿ 'ನಡುಮು ನೊಪ್ಪಿ' ಎಂದು ಸಾರಿಬಿಟ್ಟರು. ನಮ್ಮ ನಡುವೇ ಅವರ ನಡುಮು. ಒಂದು ಆಸ್ಪತ್ರೆಯಲ್ಲಿ ಡಿಸ್ಕ್ ಜಾರಿದೆಯೆಂದು ವಿಶ್ರಾಂತಿ ವಿಧಿಸಿದರು. ಮಲಗಿದಷ್ಟೂ ನೋವು ಹೆಚ್ಚಿತು. ಎದ್ದು ಡ್ಯೂಟಿಗೆ ಹೋಗಿ ಓಡಾಡಿದರೆ ಇಳಿಯುತ್ತಿತ್ತು. ಈ ವೈಚಿತ್ರ್ಯವೇ ರೋಗದ ಗುರುತೆಂದು ತಿಳಿಯಲು ಏಳು ವರ್ಷ ಹಿಡಿಯಿತು. 2003ರಲ್ಲಿ ಕೆಂಪಾದ ಕಣ್ಣನ್ನು ತೋರಿಸಲು ಹೋದಾಗ ಕಣ್ಣಿನ ವೈದ್ಯರು, 'ಬೆಳಿಗ್ಗೆ ಸೊಂಟ ಹಿಡಿಯುತ್ತದೆಯೆ?' ಎಂದು ಕೇಳಿ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಎಚ್‌ಎಲ್‌ಎ ಬಿ-27 ಇದೆಯೆಂದು ವರದಿ ಬಂತು.

ಏನಿದು ಬಿ-27? ಕಾರ್ಖಾನೆಯಿಂದ ಹೊರಬರುವಾಗ ಗೇಟಿನಲ್ಲಿ ಕಾವಲಿನವರಿಗೆ ಚೀಲ ತೆರೆದು ತೋರಿಸುವ ಕ್ರಮವುಂಟಲ್ಲ, ನಮ್ಮ ಮೈಯ ಬಹುತೇಕ ಜೀವಕೋಶಗಳದೂ ಅದೇ ಕ್ರಮ. ಒಳಗಿನ ಪ್ರೋಟೀನುಗಳ ಚೂರುಗಳನ್ನು ಹೊರಮೈಯ ಮೇಲೆ ಎತ್ತಿ ತೋರಿಸುತ್ತವೆ. ಹಾಗೆ ಎತ್ತಿ ಹಿಡಿಯುವ ಕೈಗಳೇ ಎಚ್‌ಎಲ್‌ಎ ಅಣುಗಳು. ಟಿ ಕೋಶಗಳೆಂಬ ಕಾವಲಿನವರು ಬಂದು ನೋಡಿ, ಚೂರು ಸ್ವಂತದ್ದಾದರೆ ಸುಮ್ಮನೆ ಹೋಗುತ್ತಾರೆ. ವೈರಾಣುವಿನದಾದರೆ ಕೋಶವನ್ನೇ ಮುಗಿಸುತ್ತಾರೆ. ಈ ಕೈಗಳ ಆಕಾರ ತಂದೆತಾಯಿಗಳಿಂದ ಬಂದದ್ದು. ಬಿ-27 ಅಂಥ ಒಂದು ಆಕಾರ. 1973ರಲ್ಲಿ ಲಂಡನ್ನಿನ ಬ್ರೂಅರ್ಟನ್ ಮತ್ತು ಸಂಗಡಿಗರು ಪರೀಕ್ಷಿಸಿದ 75 ರೋಗಿಗಳಲ್ಲಿ 72 ಮಂದಿಗೆ ಅದಿತ್ತು. ರೋಗವಿಲ್ಲದ 75 ಮಂದಿಯಲ್ಲಿ ಮೂವರಿಗೆ ಮಾತ್ರ. ಬೇಲಿಯೇ ಎದ್ದು ಹೊಲ ಮೇಯುವುದು ಏಕೆಂಬುದು ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಬಿ-27 ಹಿಡಿದು ತೋರಿಸುವ ಸೂಕ್ಷ್ಮಜೀವಿಯ ಚೂರನ್ನೂ ನಮ್ಮದೇ ಚೂರನ್ನೂ ಒಂದೇ ಎಂದು ಗುರುತಿಸಬಲ್ಲ ಟಿ ಕೋಶಗಳು ರೋಗಿಗಳಲ್ಲಿವೆಯೆಂದು 2022ರಲ್ಲಿ ತಿಳಿದುಬಂದಿದೆ.

ಆದರೆ ಬಿ-27 ಇದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಈ ರೋಗದ ಗಾಳಿಯೂ ಸೋಕದೆ ಬಾಳುತ್ತಾರೆ. ರೋಗಿಯ ಹತ್ತಿರದ ಸಂಬಂಧಿಗಳಾದರೆ ಸಂಭವ ಹೆಚ್ಚು, ನಿಜ.

ಇದನ್ನು ತಮ್ಮನಿಗೆ ಒಪ್ಪಿಸಲು ನನ್ನಿಂದಾಗಲಿಲ್ಲ. ಕಳೆದ ತಿಂಗಳು ದಾವಣಗೆರೆಯಿಂದ ಫೋನ್ ಮಾಡಿದ್ದ. 'ಅಣ್ಣಾ, ಮಗಳಿಗೆ ಸಂಬಂಧ ಕೂಡಿಬರುವ ಹಾಗಿದೆ. ಗಂಡಿನವರು ನಿನ್ನ ಬೆನ್ನಿನ ವಿಚಾರ ಕೇಳಿದ್ದಾರೆ. ಅವಳಿಗೆ ಆ ಪರೀಕ್ಷೆ ಮಾಡಿಸಿಬಿಡಲೆ?' ನೋವಿಲ್ಲದ ಹುಡುಗಿಗೆ ಯಾಕೆ ಪರೀಕ್ಷೆ ಎಂದೆ. ಕೇಳಲಿಲ್ಲ. 'ಹಾಗಾದರೆ ಮೊದಲು ನೀನು ಮಾಡಿಸಿಕೋ. ನಿನ್ನಲ್ಲಿಲ್ಲದ್ದು ನಿನ್ನಿಂದ ಅವಳಿಗೆ ಬರುವುದಿಲ್ಲ. ಇದ್ದರೂ ಬರುವುದು ಅರ್ಧಕ್ಕರ್ಧ ಸಂಭವ' ಎಂದೆ. 'ನನಗೇನು ಧಾಡಿ?' ಎಂದು ಫೋನ್ ಇಟ್ಟುಬಿಟ್ಟ.

ಎರಡು ದಿನ ಬಿಟ್ಟು ಹುಡುಗಿಯೇ ಫೋನ್ ಮಾಡಿದಳು. (ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) 'ದೊಡ್ಡಪ್ಪ, ನಾಲ್ಕು ತಿಂಗಳಿಂದ ಬೆಳಿಗ್ಗೆ ಏಳುವಾಗ ಸೊಂಟ ಹಿಡಿಯುತ್ತೆ. ಓಡಾಡಿದರೆ ಬಿಡುತ್ತೆ. ಅಪ್ಪನಿಗೆ ಹೇಳಿಲ್ಲ.'

ನನ್ನ ಬಾಯಿ ಕಟ್ಟಿತು. ನೋವಿಲ್ಲದವಳಿಗೆ ಬೇಡವೆಂದು ವಾದಿಸಿದ್ದವನು ಈಗ, ತಡಮಾಡದೆ ಸಂಧಿವಾತದ ತಜ್ಞರ ಬಳಿ ಹೋಗು, ಬಿ-27 ಒಂದನ್ನೇ ನೋಡಿ ಯಾರೂ ತೀರ್ಮಾನಿಸಲಾರರು, ಎಂಆರ್‌ಐ ಕೂಡ ಬೇಕಾದೀತು ಎಂದು ಹೇಳಬೇಕಾಯಿತು. ಈಗ ಒಳ್ಳೆಯ ಚುಚ್ಚುಮದ್ದುಗಳಿವೆ, ನನ್ನ ಕಾಲದಂತಲ್ಲ ಎಂದೂ ಹೇಳಿದೆ. ಅವಳು ಕೇಳಿದ್ದು ಒಂದೇ: 'ಗಂಡಿನವರಿಗೆ ಹೇಳಬೇಕಾ?'

'ಮೊದಲು ನಿಮ್ಮಪ್ಪನಿಗೆ ಹೇಳೋಣ, ನಾನೇ ಬರುತ್ತೇನೆ' ಎಂದೆ. ಭಾನುವಾರದ ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ಕೆಳಗಿನ ಬರ್ತ್ ಸಿಕ್ಕಿದೆ.